ಮುಖಂಡನ ಮುಖ ಜಾಮೀನಲ್ಲ

ಇಂಡಿಯ ಅಡತಿಯಲ್ಲಿ ಚೀಲ ಹೊರುವ ಹಮಾಲನೂ, ಸಿಂದಗಿಯ ಸಂತೆಯಲ್ಲಿ ಅರಿವೆ ಹರವುವ ಸಣ್ಣ ವ್ಯಾಪಾರಿಯೂ ಠೇವು ಇಡುವ ಮುಂಚೆ ಕೇಳುವ ಪ್ರಶ್ನೆ ಒಂದೇ: ‘ಇದರ ಹಿಂದೆ ಯಾರಿದ್ದಾರೆ?’ ದೊಡ್ಡವರೊಬ್ಬರ ಹೆಸರು ಬಂದರೆ ತೀರಿತು, ಗಂಟು ಬಿಚ್ಚಿದಂತೆಯೇ. ಈ ನಂಬಿಗೆಯೇ ವಂಚಕನ ಬಂಡವಲು.

ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಕನ್ನಡ ಜನ ಬಹಳ. ಅಲ್ಲಿಯ ಶಾಸಕರಾಗಿದ್ದ ಎಂ. ಸಿ. ಕಮರುದ್ದೀನರು ‘ಫ್ಯಾಷನ್ ಗೋಲ್ಡ್’ ಎಂಬ ಚಿನ್ನದ ವ್ಯಾಪಾರ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. ನೂರಾರು ಜನರಿಂದ ಹಣ ಪಡೆದು ಮರಳಿಸಲಿಲ್ಲವೆಂಬ ಆರೋಪದ ಮೇಲೆ 2020ರ ನವೆಂಬರ್ 7ರಂದು ಅವರ ಬಂಧನವಾಯಿತು. ಅಪರಾಧದ ನಿರ್ಣಯ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಹಣ ಕೊಟ್ಟವರಲ್ಲಿ ಅವರ ಪಕ್ಷದವರೂ ಇದ್ದರೆಂಬುದು ಎಲ್ಲ ಪಕ್ಷದವರಿಗೂ ಪಾಠ.

ಚಿನ್ನದ ಹೆಸರಿನಲ್ಲಿ ಎತ್ತಿದಂತೆ ಭೂಮಿಯ ಹೆಸರಿನಲ್ಲಿಯೂ ಎತ್ತುತ್ತಾರೆ. ಪ್ಲಾಟು ಕೊಡುವೆವೆಂದು ಪಿ.ಎ.ಸಿ.ಎಲ್. ಕಂಪನಿ ದೇಶದ ಕೋಟ್ಯಂತರ ಜನರಿಂದ ಕಂತು ವಸೂಲು ಮಾಡಿತು. ಬಂಡವಾಳ ಪೇಟೆಯ ಮೇಲೆ ಕಣ್ಣಿಡುವ ಸರಕಾರಿ ಮಂಡಳಿ ‘ಸೆಬಿ’ 1999ರಲ್ಲಿಯೇ ಕಂಪನಿಯನ್ನು ಪ್ರಶ್ನಿಸಿತ್ತು. 49,100 ಕೋಟಿ ರೂಪಾಯಿ ಮರಳಿಸಬೇಕೆಂಬ ಆಜ್ಞೆ ಬಂದದ್ದು 2014ರ ಆಗಸ್ಟಿನಲ್ಲಿ! ಶ್ರೀಮಂತನಿಗೆ ಕೋರ್ಟಿನ ವಿಳಂಬವೂ ಲಾಭ. ಕೂಲಿಕಾರನಿಗೆ ಅದೇ ಮಗಳ ಮದುವೆ ಮುಂದೆ ಹೋದ ವರ್ಷಗಳು.

ನಾವು ಮಾಸ್ತರಿಕೆಯಲ್ಲಿದ್ದಾಗ ಒಬ್ಬ ಪ್ಲಾಟಿನ ದಲಾಲಿ ನಮ್ಮಲ್ಲಿಗೂ ಬಂದಿದ್ದ. “ನೀವು ಒಂದು ಮಾತು ಹೇಳ್ರಿ ಸರ, ಮಂದಿ ರೊಕ್ಕಾ ಕೊಡ್ತಾರ. ನೂರಕ್ಕ ಐದು ನಿಮಗ” ಎಂದ. ನಮ್ಮ ರೊಕ್ಕ ಅವನಿಗೆ ಬೇಕಿರಲಿಲ್ಲ. ಬೇಕಾದದ್ದು ನಮ್ಮ ಮುಖ. ಅವನನ್ನು ಬರಿಗೈಯಲ್ಲಿ ಕಳಿಸಿದೆವು. ಎಲ್ಲರೂ ಹಾಗೆ ಕಳಿಸಲಿಲ್ಲ.

2019ರ ಕೇಂದ್ರ ಕಾಯಿದೆ ಪರವಾನಿಗೆಯಿಲ್ಲದ ಠೇವು ಯೋಜನೆಗಳನ್ನು ನಿಷೇಧಿಸಿದೆ. ಮೋಸದಿಂದ ಠೇವು ಮುಳುಗಿಸಿದವನಿಗೆ 10 ವರ್ಷದವರೆಗೆ ಸೆರೆಯುಂಟು. ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು. ಠೇವು ಪಡೆಯಲು ಪರವಾನಿಗೆಯುಳ್ಳ ಸಂಸ್ಥೆಗಳ ಯಾದಿಯನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ತಹಸೀಲ ಕಚೇರಿಗಳ ಮುಂದೆ ಕನ್ನಡದಲ್ಲಿ ಹಚ್ಚಬೇಕು. ವಂಚಿತರ ಅರ್ಜಿಗಳನ್ನು ಅಲ್ಲಿಯೇ ತೆಗೆದುಕೊಳ್ಳಬೇಕು. ಇದು ನಮ್ಮ ಬೇಡಿಕೆ.

ಅಲ್ಲಿಯವರೆಗೆ, ಬಂಧುಗಳೇ, ಕಾಗದ ಕೇಳಿರಿ. ಪ್ಲಾಟಿಗೆ ಉತಾರ, ಎನ್.ಎ. ಆದೇಶ, ಠೇವಿಗೆ ಪರವಾನಿಗೆ, ಸಹಿಯುಳ್ಳ ಪಾವತಿ. ನಮ್ಮ ಪಕ್ಷದ ಟೊಪ್ಪಿಗೆ ಹಾಕಿದವನೇ ಬಂದು ಕೈಯೊಡ್ಡಿದರೂ, ಕಾಗದ ನೋಡದೆ ಗಂಟು ಬಿಚ್ಚಬೇಡಿರಿ.