ಮರಿ ತರುವ ಮೊದಲು ಲೆಕ್ಕ ಹಾಕಿ



ಸಂತೆಯಲ್ಲಿ ದಪ್ಪಗೆ ಕಂಡ ಕೋಳಿಮರಿಯನ್ನು ಹಿಂದುಮುಂದು ನೋಡದೆ ತರಬೇಡಿ. ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೇಳಿ: ಕೋಳಿ ಯಾತಕ್ಕೆ? ಮಕ್ಕಳ ಮೊಟ್ಟೆಗೋ, ಹಬ್ಬದ ಬಾಡಿಗೋ, ಕೈಖರ್ಚಿನ ಕಾಸಿಗೋ?

ನಾಟಿ ಕೋಳಿ ವರ್ಷಕ್ಕೆ 50–60 ಮೊಟ್ಟೆ ಇಟ್ಟರೆ ಹೆಚ್ಚು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು 1989ರಲ್ಲಿ ಕೊಟ್ಟ ಗಿರಿರಾಜ, ಚೆನ್ನಾಗಿ ಮೇಯಿಸಿದರೆ, 130–150 ಇಡುತ್ತೆ. 2005ರ ಸ್ವರ್ಣಧಾರ ಇನ್ನೂ ಹೆಚ್ಚು. ಮೈಯೂ ಬೇಗ ತುಂಬುತ್ತೆ. ನಾನು ಅಲ್ಲಗಳೆಯೋದಿಲ್ಲ. ಆದರೆ ಇವು ಕಾವಿಗೆ ಕೂರೋದಿಲ್ಲ. ಪ್ರತಿ ಸಲವೂ ದುಡ್ಡು ಕೊಟ್ಟೇ ಮರಿ ತರಬೇಕು, ಥೇಟ್ ಹೈಬ್ರಿಡ್ ಬೀಜದ ಹಾಗೆ. ತಿಪ್ಪೆ ಕೆದಕಿದ್ದು ಸಾಲದು, ಕೈಯಿಂದಲೂ ಕಾಳು ಹಾಕಬೇಕು.

ನಾನೇ ಒಮ್ಮೆ ಸಾಲ ಮಾಡಿ ನೂರು ಮರಿ ತಂದೆ. ಲಸಿಕೆ ತಪ್ಪಿಸಿದೆ. ಕೊಕ್ಕರೆ ರೋಗ ಬಂತು, ವಾರದಲ್ಲಿ ಗೂಡು ಖಾಲಿ. ಕೋಳಿ ಹೋಯಿತು, ಬಡ್ಡಿ ಉಳಿಯಿತು.

ಈಗ ನಮ್ಮ ಹಿತ್ತಲಲ್ಲಿ ನಾಲ್ಕು ನಾಟಿ ಹ್ಯಾಟೆ, ಒಂದು ಹುಂಜ; ಮೊಟ್ಟೆಗೆಂದು ಆರು ಗಿರಿರಾಜ. ಕಾವಿಗೆ ಕೂತು ಸಂತಾನ ಉಳಿಸೋದು ನಾಟಿ. ಮರಿಗೆ ಏಳನೇ ದಿನ ಲಸೋಟ ಹನಿ, ಎಂಟನೇ ವಾರ ಆರ್.2.ಬಿ. ಚುಚ್ಚುಮದ್ದು ತಪ್ಪಿಸೋದಿಲ್ಲ. ಇದಕ್ಕಿಂತ ಹೆಚ್ಚು ಕೋಳಿ ನಮಗೆ ಬೇಡ, ಮನೆಯ ನುಚ್ಚು ಇಷ್ಟಕ್ಕೇ ಸಾಕಾಗುತ್ತೆ.

ನಮ್ಮ ರಾಗಿಗೆ ಬೆಲೆ ಕಟ್ಟೋರು ಬೇರೆಯವರು. ಹಿತ್ತಲ ಮೊಟ್ಟೆಗೆ ಬೆಲೆ ಹೇಳೋಳು ನಮ್ಮ ಹೆಣ್ಣುಮಗಳು. ಈ ಹಕ್ಕನ್ನು ಬಡ್ಡಿಯವನ ಕೈಗೆ ಕೊಡಬೇಡಿ. ಸಾಲ ತಂದು ಕೋಳಿ ಸಾಕಬೇಡಿ. ಉಪ್ಪು-ಸೋಪಿಗೆ ಸಾಲ ಕೇಳದಿರೋಕೆ ಕೋಳಿ ಸಾಕಿ.