ಕೈ ಕಲಿಯದ ಅಕ್ಷರ

ಜಪಾನಿನ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಚೀನಾ ಮೂಲದ 1,026 ಕಾಂಜಿ ಅಕ್ಷರಗಳನ್ನು ಕಲಿಯಬೇಕು. ನಿತ್ಯಬಳಕೆಗೆಂದು ಅಲ್ಲಿನ ಸರ್ಕಾರವು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2,136 ಇವೆ. ನಮ್ಮ ವರ್ಣಮಾಲೆಯ 49ರ ಮುಂದೆ ಇದು ಬೆಟ್ಟವೇ ಸರಿ. ಆದರೆ ಅದನ್ನೇರುವ ಬಗೆಯು ಗಮನಾರ್ಹ. ಮರದ ಚಿಹ್ನೆ ಒಂದಿದ್ದರೆ ಮರ, ಎರಡು ಸೇರಿದರೆ ತೋಪು, ಮೂರಾದರೆ ಕಾಡು. ಎಲ್ಲವೂ ಇಷ್ಟು ಸುಲಭವಲ್ಲ. ಆದರೂ ಅಂಗಗಳನ್ನು ಕಣ್ಣು ಗುರುತಿಸುತ್ತದೆ, ಗೆರೆಗಳ ಕ್ರಮವನ್ನು ಕೈ ನೆನಪಿಡುತ್ತದೆ.

ನಮ್ಮ ಹಿರಿಯರೂ ಮರಳಿನ ಮೇಲೆ ಬೆರಳಿಟ್ಟು ತಿದ್ದಿಯೇ ಅಕ್ಷರ ಕಲಿತರು. ಕಾಗುಣಿತವೂ ಒತ್ತಕ್ಷರವೂ ಅಂಗಗಳ ಜೋಡಣೆಯೇ ಅಲ್ಲವೆ? ಮೊನ್ನೆ ತರಗತಿಯಲ್ಲಿ ಉಕ್ತಲೇಖನ ಕೊಟ್ಟೆ. ಎಮ್ಮಿಗನೂರಿನವನೇ ಆದ ವಿದ್ಯಾರ್ಥಿಯೊಬ್ಬನು ತನ್ನೂರಿನ ಹೆಸರಿನಲ್ಲಿ ಮಕಾರದ ಒತ್ತನ್ನೇ ಬಿಟ್ಟಿದ್ದ. ಮತ್ತೊಬ್ಬನ 'ಕತೆ'ಯು 'ಕತ್ತೆ'ಯಾಗಿತ್ತು. ಪುಸ್ತಕ ಕೊಟ್ಟು ಓದಿಸಿದರೆ ಇಬ್ಬರೂ ತಡವರಿಸದೆ ಓದಿದರು! ಕಣ್ಣು ಬಲ್ಲುದನ್ನು ಕೈ ಅರಿಯದು. ಕೀಲಿಮಣೆಗೆ ಒಗ್ಗಿದ ಜಪಾನೀಯರಿಗೂ ಈ ಮರೆವು ತಟ್ಟಿದೆ.

ಬಾಯಿಪಾಠವನ್ನು ಹಳಿಯುವ ಭರದಲ್ಲಿ ನಾವು ಕೈಯ ಪಾಠವನ್ನೂ ಕಳೆದುಕೊಂಡೆವು. ಸುಮ್ಮನೆ ನೂರು ಸಲ ಬರೆಯಿಸುವುದು ಶಿಕ್ಷೆ. ಒತ್ತು ಎಲ್ಲಿ, ಏಕೆ ಬಂದಿತೆಂದು ತಿಳಿಸಿ ಹತ್ತು ಸಲ ಬರೆಯಿಸುವುದು ಶಿಕ್ಷಣ. ವಾರಕ್ಕೊಂದು ಉಕ್ತಲೇಖನವು ಕಾಲೇಜಿನಲ್ಲಿಯೂ ನಡೆಯಲಿ. ಅದು ಪ್ರಾಥಮಿಕ ಶಾಲೆಯ ಕೆಲಸವೆಂದು ಮೂಗು ಮುರಿಯುವ ಅಧ್ಯಾಪಕ ಮಿತ್ರರನ್ನು ಕೇಳುತ್ತೇನೆ: ತನ್ನೂರಿನ ಹೆಸರನ್ನು ತಪ್ಪಿಲ್ಲದೆ ಬರೆಯಲಾರದವನಿಗೆ ಪಂಪನನ್ನು ಬೋಧಿಸಿ ಫಲವೇನು?