ಹ್ಯಾರಿಗೆ ಸಿಟ್ಟು ಬಂದರೆ ನಿಮಗ್ಯಾಕೆ ಬೇಜಾರು?

ಹ್ಯಾರಿ ಪಾಟರ್ ಸರಣಿಯ ಐದನೇ ಪುಸ್ತಕ ಓದಿದವರ ಬಾಯಲ್ಲಿ ಒಂದು ದೂರು ಇದ್ದೇ ಇರುತ್ತದೆ. ‘ಹುಡುಗ ಮೊದಲು ಚಲೋ ಇದ್ದ, ಇದರಾಗ ಬರೇ ಒದರ್ತಾನ.’ ಸಿಂಧನೂರಿನ ಕಾಲೇಜು ಹುಡುಗರಿಂದ ಇದನ್ನು ಕೇಳಿದ್ದೇನೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಗೆಳೆಯರಿಂದಲೂ ಕೇಳಿದ್ದೇನೆ. ‘ಆರ್ಡರ್ ಆಫ್ ದಿ ಫೀನಿಕ್ಸ್’ ಬಂದದ್ದು 2003ರ ಜೂನ್ 21ಕ್ಕೆ. ಇಪ್ಪತ್ತು ವರ್ಷ ದಾಟಿದರೂ ಈ ದೂರು ಹಳೆಯದಾಗಿಲ್ಲ.

ನಾನು ಇದನ್ನು ಒಪ್ಪುವುದಿಲ್ಲ. ಏಳು ಪುಸ್ತಕಗಳಲ್ಲಿ ಒಂದೇ ಒಂದನ್ನು ನಮ್ಮ ಭಾಗದ ಹತ್ತನೇ ಕ್ಲಾಸಿನ ಹುಡುಗ ಹುಡುಗಿಯರ ಕೈಗೆ ಕೊಡಿ ಅಂದರೆ ಈ ಐದನೆಯದನ್ನೇ ಕೊಡುತ್ತೇನೆ. ಅದೂ ಆ ಸಿಟ್ಟಿಗಾಗಿಯೇ.

ಓದದೆ ಇರುವವರಿಗೆ ಕತೆ ಹೇಳಬೇಕು. ಕತೆ ಮೊದಲೇ ಗೊತ್ತಾಗಬಾರದು ಅನ್ನುವವರು ಇಲ್ಲೇ ನಿಲ್ಲಬಹುದು. ಬಯಲಾಟ ನೋಡಿ ಬೆಳೆದವರಿಗೆ ಆ ಚಿಂತೆ ಇಲ್ಲ. ದುರ್ಯೋಧನ ಸಾಯುತ್ತಾನೆ ಅಂತ ಗೊತ್ತಿದ್ದೇ ಬೆಳತನಕ ಕೂತವರು ನಾವು.

ನಾಲ್ಕನೇ ಪುಸ್ತಕದ ಕೊನೆಗೆ ಹ್ಯಾರಿಯ ಕಣ್ಣೆದುರೇ ಜೊತೆಯ ವಿದ್ಯಾರ್ಥಿಯೊಬ್ಬ ಕೊಲೆಯಾಗುತ್ತಾನೆ. ಸತ್ತ ಅಂದುಕೊಂಡಿದ್ದ ದುಷ್ಟ ವೋಲ್ಡೆಮಾರ್ಟ್ ಮೈದುಂಬಿ ವಾಪಸ್ ಬರುತ್ತಾನೆ. ನೋಡಿದ್ದನ್ನು ಹ್ಯಾರಿ ಬಂದು ಹೇಳುತ್ತಾನೆ. ಮಾಯಾಲೋಕದ ಸರ್ಕಾರಕ್ಕೆ ಇದು ಬೇಡವಾದ ಸುದ್ದಿ. ಮಂತ್ರಿ ಫಡ್ಜ್ ತನ್ನ ಕುರ್ಚಿಗೆ ಹೆದರಿ ‘ಹಂಗೇನೂ ಆಗಿಲ್ಲ’ ಅನ್ನುತ್ತಾನೆ. ಐದನೇ ಪುಸ್ತಕ ಶುರುವಾಗುವ ಹೊತ್ತಿಗೆ ಹುಡುಗ ಚಿಕ್ಕಪ್ಪನಂಥವರ ಮನೆಯಲ್ಲಿ ಒಬ್ಬನೇ ಇದ್ದಾನೆ. ಗೆಳೆಯರ ಪತ್ರಗಳಲ್ಲಿ ಸುದ್ದಿಯೇ ಇಲ್ಲ, ದೊಡ್ಡವರು ಬರೆಯಬೇಡಿ ಅಂದಿದ್ದಾರೆ. ನಂಬಿದ ಹೆಡ್‌ಮಾಸ್ತರು ಡಂಬಲ್‌ಡೋರ್ ವರ್ಷಪೂರ್ತಿ ಇವನ ಮುಖ ನೋಡುವುದಿಲ್ಲ.

ಈಗ ನೀವೇ ಹೇಳಿ. ಈ ಹುಡುಗ ಒದರದೆ ಇನ್ನೇನು ಮಾಡಬೇಕಿತ್ತು? ಕೈಕಟ್ಟಿ ನಿಂತು ‘ಆಗಲಿ ಸರ್’ ಅನ್ನಬೇಕಿತ್ತಾ?

ಮೊದಲ ಪುಸ್ತಕದಲ್ಲಿ ಅವನಿಗೆ ಹನ್ನೊಂದು ವರ್ಷ. ಆಗ ಎಲ್ಲರಿಗೂ ಇಷ್ಟ. ಬಡಪಾಯಿ, ಅನಾಥ, ಏನು ಕೊಟ್ಟರೂ ಖುಷಿ. ಐದರಲ್ಲಿ ಹದಿನೈದು. ಈಗ ಪ್ರಶ್ನೆ ಕೇಳುತ್ತಾನೆ, ಗೆಳೆಯರ ಮೇಲೂ ಹರಿಹಾಯುತ್ತಾನೆ, ಮೈಷ್ಟರ ಎದುರು ನಿಂತು ಮಾತಾಡುತ್ತಾನೆ. ತಕ್ಷಣ ಓದುಗರಿಗೆ ‘ಮೊದಲಿನ ಮಜಾ ಇಲ್ಲ’. ನಮ್ಮ ಊರುಗಳಲ್ಲೂ ಹೀಗೇ ಅಲ್ಲವೇ? ಐದನೇ ಕ್ಲಾಸಿನವರೆಗೆ ಹುಡುಗ ಜಾಣ. ಹತ್ತನೇ ಕ್ಲಾಸಿಗೆ ಬಂದು ‘ಯಾಕೆ’ ಅಂದರೆ ‘ತಲಿ ತಿರಗ್ಯದ ಅದಕ್ಕ, ಫೋನ್ ಕಸ್ಗೋರಿ’.

ಹತ್ತನೇ ಕ್ಲಾಸು ಅಂದೆ. ಆ ಪುಸ್ತಕದಲ್ಲೂ ಅದು ಪರೀಕ್ಷೆಯ ವರ್ಷವೇ. ಅವರ ಶಾಲೆಯ ಐದನೇ ವರ್ಷಕ್ಕೆ ಒಂದು ದೊಡ್ಡ ಪಬ್ಲಿಕ್ ಪರೀಕ್ಷೆ ಇರುತ್ತದೆ, ಮುಂದೆ ಏನು ಓದಬೇಕು ಅನ್ನುವುದು ಅದರ ಮೇಲೆ. ಹೆಚ್ಚುಕಡಿಮೆ ನಮ್ಮ ಎಸ್ಸೆಸ್ಸೆಲ್ಸಿ. ಆ ವರ್ಷವೇ ಸರ್ಕಾರ ತನ್ನ ಕಡೆಯ ಅಂಬ್ರಿಜ್ ಎಂಬ ಅಧಿಕಾರಿಣಿಯನ್ನು ಶಾಲೆಗೆ ಮೇಡಂ ಮಾಡಿ ಕಳಿಸುತ್ತದೆ. ಆಕೆ ಪಿಂಕ್ ಬಟ್ಟೆ, ಮೆಲು ದನಿಯವಳು. ರಕ್ಷಣೆಯ ವಿದ್ಯೆ ಕಲಿಸಬೇಕಾದವಳು ಮಂತ್ರದಂಡ ಚೀಲದೊಳಗಿಡಿ, ಪುಸ್ತಕ ತೆಗೆದು ಓದಿ ಅನ್ನುತ್ತಾಳೆ. ಪ್ರಾಕ್ಟಿಕಲ್ ಇಲ್ಲ. ಬೀಗ ಹಾಕಿದ ಲ್ಯಾಬಿನ ಮುಂದೆ ವಿಜ್ಞಾನ ಕಲಿತ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ವಾರಕ್ಕೊಂದು ಆದೇಶ ಗೋಡೆಗೆ ಬೀಳುತ್ತದೆ. ಮೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಅನುಮತಿಯಿಲ್ಲದೆ ಸಂಘ ಕಟ್ಟಬಾರದು ಅಂತಲೂ ಬರುತ್ತದೆ. ನಿಜ ಹೇಳಿದ ಹ್ಯಾರಿಗೆ ಆಕೆ ಕೊಡುವ ಶಿಕ್ಷೆ ಓದುವಾಗ ಮೈ ಉರಿಯುತ್ತದೆ. ಪೆನ್ನು ಹಾಳೆಯ ಮೇಲೆ ಬರೆದದ್ದು ಅವನ ಕೈಯ ಚರ್ಮದ ಮೇಲೆ ಕೊರೆಯುತ್ತದೆ, ಶಾಯಿ ಅವನದೇ ರಕ್ತ.

ಮಕ್ಕಳು ಏನು ಮಾಡುತ್ತಾರೆ? ಒಂದು ಗುಪ್ತ ಕೋಣೆ ಹುಡುಕಿ, ಅಲ್ಲಿ ಸೇರಿ, ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಾರೆ. ಪಾಠ ಹೇಳುವವನು ಅದೇ ಒದರುವ ಹ್ಯಾರಿ. ದೂರುವವರು ಈ ಅಧ್ಯಾಯಗಳನ್ನು ಯಾಕೆ ಮರೆಯುತ್ತಾರೋ ತಿಳಿಯದು. ಮಾಸ್ತರಿಲ್ಲದ ಶಾಲೆಯಲ್ಲಿ ಹಿರಿಯ ಹುಡುಗಿ ಕಿರಿಯರಿಗೆ ಲೆಕ್ಕ ಹೇಳಿಕೊಡುವುದನ್ನು ದಢೇಸುಗೂರಿನ ಆಜುಬಾಜು ನೋಡಿದವನು ನಾನು. ಆ ಸಿಟ್ಟು ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಪುಸ್ತಕದಲ್ಲಿ ಉತ್ತರವಿದೆ: ಕಲಿಸುವುದಕ್ಕೆ ಹೋಯಿತು.

ಇನ್ನು ನನ್ನ ಕಸುಬಿನ ವಿಷಯ. ಸುದ್ದಿಗೆ ಇಷ್ಟು ಅಂತ ಎಣಿಸಿ ಕೊಡುವ ದುಡ್ಡಲ್ಲಿ ಬದುಕುವ ಸ್ಟ್ರಿಂಗರ್ ನಾನು, ಹಾಗಾಗಿ ಈ ಪುಸ್ತಕದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಪತ್ರಿಕೆಯ ಕತೆ. ‘ಡೈಲಿ ಪ್ರಾಫೆಟ್’ ಎಂಬ ದೊಡ್ಡ ಪತ್ರಿಕೆ ಮಂತ್ರಿಗೆ ಬೇಕಾದ್ದನ್ನೇ ಬರೆಯುತ್ತದೆ. ಹ್ಯಾರಿ ಸುಳ್ಳ ಅಂತ ನೇರ ಬರೆಯುವುದಿಲ್ಲ, ಅಷ್ಟು ದಡ್ಡರಲ್ಲ. ಬೇರೆ ಯಾವುದೋ ಸುದ್ದಿಯ ನಡುವೆ ಅವನ ಹೆಸರು ತಂದು ಒಂದು ಚುಚ್ಚುಮಾತು ಹಾಕುತ್ತಾರೆ. ದಿನಾ ಹಾಕುತ್ತಾರೆ. ಮೂರು ತಿಂಗಳಿಗೆ ಊರೆಲ್ಲ ಅವನನ್ನು ನೋಡಿ ನಗುತ್ತದೆ. ಒಬ್ಬ ಮನುಷ್ಯನನ್ನು ಹೀಗೆ ಹಾಳುಮಾಡುವ ವಿಧಾನ ಡಿಪ್ಲೊಮಾದ ಯಾವ ನೋಟ್ಸಿನಲ್ಲೂ ನನಗೆ ಸಿಕ್ಕಿರಲಿಲ್ಲ, ಮಕ್ಕಳ ಪುಸ್ತಕದಲ್ಲಿ ಸಿಕ್ಕಿತು.

ಕೊನೆಗೆ ಹ್ಯಾರಿಯ ಮಾತು ಅಚ್ಚಾಗುವುದು ‘ಕ್ವಿಬ್ಲರ್’ ಎಂಬ, ಎಲ್ಲರೂ ಗೇಲಿ ಮಾಡುವ ಸಣ್ಣ ಪತ್ರಿಕೆಯಲ್ಲಿ. ಬರೆಯುವವಳು ರೀಟಾ, ಮೊದಲು ಅವನ ಬಗ್ಗೆ ಇಲ್ಲಸಲ್ಲದ್ದು ಬರೆದವಳೇ. ಹರ್ಮಾಯ್ನಿ ಆಕೆಯ ಒಂದು ಗುಟ್ಟು ಹಿಡಿದು ಬರೆಸುತ್ತಾಳೆ, ಅದೂ ಬಿಟ್ಟಿ. (ದುಡ್ಡಿಲ್ಲದೆ ಬರೆಯುವ ಭಾಗ ನಮ್ಮ ಸ್ಟ್ರಿಂಗರ್ ಮಂದಿಗೆ ಮಾಯಾಲೋಕ ಅನ್ನಿಸುವುದಿಲ್ಲ.) ಅಂಬ್ರಿಜ್ ಆ ಪತ್ರಿಕೆ ಇಟ್ಟುಕೊಂಡವರನ್ನು ಶಾಲೆಯಿಂದ ಹಾಕುವುದಾಗಿ ಆದೇಶ ಹೊರಡಿಸುತ್ತಾಳೆ. ಆವತ್ತೇ ಶಾಲೆಯ ಪ್ರತಿಯೊಬ್ಬರೂ ಅದನ್ನು ಓದಿ ಮುಗಿಸುತ್ತಾರೆ. ಫೋನಿನಲ್ಲಿ ಸುದ್ದಿ ಓದುವ, ಫಾರ್ವರ್ಡ್ ಮಾಡುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ?

ಎಲ್ಲ ದೂರೂ ಸುಳ್ಳು ಅಂತ ನಾನು ವಾದಿಸುವುದಿಲ್ಲ. ಪುಸ್ತಕ ಉದ್ದವೇ. 38 ಅಧ್ಯಾಯ, ಬ್ರಿಟನ್ನಿನ ಮುದ್ರಣದಲ್ಲಿ 766 ಪುಟ, ಸರಣಿಯಲ್ಲೇ ದಪ್ಪನೆಯದು. ಹ್ಯಾಗ್ರಿಡ್‌ನ ರಾಕ್ಷಸ ತಮ್ಮನ ಪ್ರಸಂಗವನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ. ಹೆಡ್‌ಮಾಸ್ತರು ಕೊನೆಗೆ ಕೂತು ಎಲ್ಲ ಬಿಡಿಸಿ ಹೇಳುವ ಅಧ್ಯಾಯ ನನಗೂ ಹಿಡಿಸಲಿಲ್ಲ. ಇಷ್ಟನ್ನೂ ಜೂನ್ ತಿಂಗಳಲ್ಲೇ ಹೇಳಬಹುದಿತ್ತಲ್ಲ ಸ್ವಾಮಿ, ಒಂದು ಜೀವ ಉಳಿಯುತ್ತಿತ್ತು.

ಆ ಜೀವ ಸಿರಿಯಸ್‌ದು, ಹ್ಯಾರಿಗೆ ತಂದೆಯ ಸ್ಥಾನದಲ್ಲಿದ್ದವನು. ಇಲ್ಲಿ ಓದುಗರ ಎರಡನೇ ದೊಡ್ಡ ದೂರು: ‘ಅಂಥಾ ಮನುಷ್ಯನ್ನ ಇಷ್ಟು ಸುಮ್‌ಸುಮ್ನೆ ಸಾಯಿಸಿಬಿಟ್ಟಳು ಬರೆದಾಕಿ.’ ಜಗಳದ ನಡುವೆ ಒಂದು ಮಂತ್ರ ಎದೆಗೆ ತಾಗುತ್ತದೆ, ಪರದೆಯ ಹಿಂದಕ್ಕೆ ಬೀಳುತ್ತಾನೆ, ಮುಗಿಯಿತು. ಕೊನೆಯ ಮಾತಿಲ್ಲ, ಹೆಣವೂ ಇಲ್ಲ. ಅದೂ ಹ್ಯಾರಿ ವೈರಿಯ ಬಲೆಗೆ ಬಿದ್ದು ಅಲ್ಲಿಗೆ ಓಡಿದ್ದರಿಂದ ಆದ ಸಾವು.

ಎಡದಂಡೆ ನಾಲೆಗೆ ಈಜಲು ಇಳಿದು ಮೇಲೆ ಬರದ ಹುಡುಗರ ಸುದ್ದಿ ನಾನು ನಾಲ್ಕು ನಾಲ್ಕು ಸಾಲಿನಲ್ಲಿ ಬರೆದು ಕಳಿಸಿದ್ದೇನೆ. ದಂಡೆಯ ಮೇಲೆ ನಿಂತಿರುವ ಜೊತೆಗಾರ ಹುಡುಗನ ಬಗ್ಗೆ ಆ ನಾಲ್ಕು ಸಾಲಿನಲ್ಲಿ ಜಾಗವಿರುವುದಿಲ್ಲ. ‘ನಾನೇ ಬಾ ಅಂದಿದ್ದೆ’ ಅನ್ನುವುದನ್ನು ಅವನು ಯಾರ ಹತ್ತಿರ ಹೇಳಬೇಕು? ಮನೆಯಲ್ಲಿ ಹೇಳಿದರೆ ಬೈಗುಳ, ಶಾಲೆಯಲ್ಲಿ ಹೇಳಿದರೆ ಸುಮ್ಮನಿರಿಸುತ್ತಾರೆ. ಹ್ಯಾರಿ ಕೊನೆಯ ಅಧ್ಯಾಯಗಳಲ್ಲಿ ಹೆಡ್‌ಮಾಸ್ತರ ಕೋಣೆಯ ಸಾಮಾನು ಒಡೆದು ಚೂರು ಮಾಡುತ್ತಾನೆ, ಮುದುಕ ತಡೆಯುವುದಿಲ್ಲ. ಆ ಪುಟಗಳು ನಾಲೆಯ ದಂಡೆಯ ಹುಡುಗನಿಗಾಗಿಯೇ ಬರೆದಂತಿವೆ. ಸಾವು ಅರ್ಥಪೂರ್ಣವಾಗಿರಬೇಕಿತ್ತು ಅನ್ನುವ ಓದುಗರು ಪುಣ್ಯವಂತರು, ಅಷ್ಟೇ.

ಮಾಟ ಮಂತ್ರದ ಪುಸ್ತಕ ಮಕ್ಕಳಿಗೆ ಯಾಕೆ ಅಂತ ಒಬ್ಬ ಮೇಷ್ಟ್ರು ನನ್ನನ್ನು ಕೇಳಿದ್ದರು. ಬಾನಾಮತಿಯ ಹೆಸರಲ್ಲಿ ಹೆಂಗಸರನ್ನು ಹೊಡೆದು ಬಡಿದ ಸೀಮೆ ನಮ್ಮದು, ಅವರ ಭಯ ಅರ್ಥವಾಗುತ್ತದೆ. ಅದರ ವಿರುದ್ಧ 2017ರಲ್ಲಿ ಕಾಯ್ದೆಯೇ ಬಂತು. ಆದರೆ ಬಾನಾಮತಿ ಮಂದಿಯನ್ನು ಹೆದರಿಸಿ ಬಾಯಿ ಮುಚ್ಚಿಸುತ್ತದೆ. ಇಲ್ಲಿ ಮಕ್ಕಳು ಹೆದರಿಸುವವರ ಎದುರು ಬಾಯಿ ತೆರೆಯುತ್ತಾರೆ. ಪೊರಕೆ ಮೇಲೆ ಹಾರುವುದು ಸುಳ್ಳು ಅಂತ ಮೂರನೇ ಕ್ಲಾಸಿನ ಕೂಸಿಗೂ ಗೊತ್ತು.

ಈ ಪುಸ್ತಕ ಬಂದ ವರ್ಷವೇ ಇಂಗ್ಲಿಷ್ ಕಾದಂಬರಿಕಾರ್ತಿ ಎ.ಎಸ್. ಬಯಟ್ ಅಮೆರಿಕದ ಪತ್ರಿಕೆಯೊಂದರಲ್ಲಿ, ದೊಡ್ಡವರು ಇದನ್ನೆಲ್ಲ ಯಾಕೆ ಓದುತ್ತಾರೆ ಅಂತ ಕಟುವಾಗಿ ಕೇಳಿದರು. ಅವರ ಜಗಳ ಅವರಿಗೆ. ಅಲ್ಲಿ ಮೊದಲ ದಿನವೇ ಲಕ್ಷಗಟ್ಟಲೆ ಪ್ರತಿ ಹೋಗುತ್ತವೆ, ಇಷ್ಟವಾಯಿತು ಆಗಲಿಲ್ಲ ಅನ್ನುವ ಭಾಗ್ಯ ಮಕ್ಕಳಿಗೂ ಇದೆ. ನಮ್ಮಲ್ಲಿ ಅಭಿಪ್ರಾಯ ಹುಟ್ಟಬೇಕಾದರೆ ಮೊದಲು ಪುಸ್ತಕ ಬೇಕಲ್ಲ.

ಹಿಂದಿಯಲ್ಲಿ ಏಳೂ ಪುಸ್ತಕ ಬಂದಿವೆ. ತೆಲುಗಿನಲ್ಲಿ ಮೊದಲನೆಯದು ಬಂದಿದೆ. ಕನ್ನಡದ್ದನ್ನು ರಾಯಚೂರು ಜಿಲ್ಲೆಯ ಯಾವ ಗ್ರಂಥಾಲಯದ ಕಪಾಟಿನಲ್ಲೂ ನಾನು ಕಂಡಿಲ್ಲ. ಸಿನಿಮಾ ನೋಡೋಣ ಅಂದರೆ, 2007ರಲ್ಲಿ ಈ ಕತೆ ಪರದೆಗೆ ಬಂದಾಗ ಕನ್ನಡಕ್ಕೆ ಡಬ್ಬಿಂಗ್ ಮಾಡಲು ಚಿತ್ರರಂಗವೇ ಬಿಡುತ್ತಿರಲಿಲ್ಲ. ಹಾಗೆ ತಡೆಯುವುದು ತಪ್ಪು ಅಂತ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಅಷ್ಟರೊಳಗೆ ನಮ್ಮ ಕ್ಯಾಂಪುಗಳ ಹುಡುಗರು, ಅವರ ಜೊತೆ ನಮ್ಮ ಕನ್ನಡದ ಹುಡುಗರೂ, ಟಿವಿಯ ತೆಲುಗಿನಲ್ಲೇ ಹ್ಯಾರಿಯನ್ನು ನೋಡಿ ಮುಗಿಸಿದ್ದರು. ಕನ್ನಡ ಉಳಿಸಿದ್ದೇವೆ ಅಂದವರು ಈ ಲೆಕ್ಕವನ್ನು ಯಾವ ಖಾತೆಗೆ ಬರೆದುಕೊಂಡಿದ್ದಾರೋ!

ಹ್ಯಾರಿಯೇ ಬೇಕು ಅಂತ ನನ್ನ ಹಟವಿಲ್ಲ. ಹದಿನೈದರ ಓದುಗರಿಗೆ ನಮ್ಮ ಕಪಾಟಿನಲ್ಲಿ ಏನಿದೆ ಅನ್ನುವುದು ನನ್ನ ಪ್ರಶ್ನೆ. ನಾನು ಹೊಕ್ಕು ನೋಡಿದ ಒಂದು ಪಂಚಾಯಿತಿ ಗ್ರಂಥಾಲಯದಲ್ಲಿ ಕೆಳಗಿನ ಸಾಲು ಪಂಚತಂತ್ರ, ತೆನಾಲಿ ರಾಮ, ನೀತಿಕತೆ. ಮೇಲಿನ ಸಾಲು ಪೊಲೀಸ್ ಕಾನ್‌ಸ್ಟೇಬಲ್, ಎಫ್‌ಡಿಎ ಪರೀಕ್ಷೆಯ ಗೈಡುಗಳು. ನಡುವಿನ ಸಾಲು ಖಾಲಿ, ಅಲ್ಲಿ ಹಳೆಯ ಪೇಪರ್ ಕಟ್ಟು. ಹತ್ತು ವರ್ಷದ ಕೂಸು ನೀತಿ ಓದಬೇಕು, ಇಪ್ಪತ್ತಕ್ಕೆ ನೌಕರಿ ಓದಬೇಕು. ನಡುವಿನ ವಯಸ್ಸಿನವರು ಕಪಾಟಿನಲ್ಲೇ ಇಲ್ಲ.

ಕನ್ನಡದಲ್ಲಿ ಬರೆಯುವವರಿಲ್ಲ ಅನ್ನಬೇಡಿ. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ ಎರಡಕ್ಕೂ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಬಂದಿದೆ. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಕೈಗೆ ಸಿಕ್ಕರೆ ಯಾವ ಹುಡುಗ ಕೆಳಗಿಟ್ಟಾನು? ಆದರೆ ಓದುಗನ ಜೊತೆ ವರ್ಷ ವರ್ಷ ಬೆಳೆಯುವ, ಐದನೇ ಭಾಗಕ್ಕೆ ಬಂದಾಗ ದೊಡ್ಡವರ ಮೇಲೆ ಸಿಟ್ಟಾಗುವ ಧೈರ್ಯವಿರುವ ಒಂದು ಸರಣಿ ನಮ್ಮ ಮಕ್ಕಳಿಗೂ ಬೇಕು. ಜಾಗ ಹುಡುಕಿಕೊಂಡು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಕೃಷ್ಣೆಯ ನಡುವೆ ಜಲದುರ್ಗವಿದೆ, ಮುದಗಲ್ಲಿನ ಕೋಟೆ ಇದೆ, ಹಟ್ಟಿಯ ನೆಲದಡಿ ಚಿನ್ನದ ಗಣಿಯ ಸುರಂಗಗಳಿವೆ.

2019ರಿಂದ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದಿವೆ, ಈಗ ಅವುಗಳ ಹೆಸರು ಅರಿವು ಕೇಂದ್ರ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಅಂತ ರೂಪಾಯಿಗೆ ಆರು ಪೈಸೆ ಎತ್ತುತ್ತಾರೆ. ಆ ದುಡ್ಡು ನಿಮ್ಮದು. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಮಕ್ಕಳು ಶೌಚಾಲಯ, ಬಸ್ಸು, ಕಾಂಪೌಂಡು ಕೇಳುತ್ತಾರೆ, ಕೇಳಲೇಬೇಕು. ಈ ಸಲ ಹೈಸ್ಕೂಲಿನ ಯಾರಾದರೂ ಎದ್ದು ನಿಂತು, ತಮ್ಮ ವಯಸ್ಸಿನವರು ಓದುವ ಹತ್ತು ಕಾದಂಬರಿಯ ಪಟ್ಟಿ ಓದಿ, ಪಿಡಿಒ ಅವರ ಕೈಗೆ ಕೊಟ್ಟು, ನಡಾವಳಿಯಲ್ಲಿ ಬರೆಸಲಿ. ಕೇಳುವಾಗ ದನಿ ಸ್ವಲ್ಪ ಏರಿದರೆ ಹಿರಿಯರು ತಡೆದುಕೊಳ್ಳಿ.